ಗಿರಗಿರ ತಿರುಗುವ ರೈಡ್‌ನಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂರಬಹುದಾ?

ಮೂವರ ಅಮ್ಮ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಾವು ಆರು ಜನ ಥೀಮ್ ಪಾರ್ಕ್‌ಗೆ ಹೊರಟಿದ್ದೇವೆ. ನಾನು, ನಮ್ಮವರು, ಅತ್ತೆ, ಮೂವರು ಮಕ್ಕಳು. ದೊಡ್ಡವಳಿಗೆ 13, ನಡುವಿನವನಿಗೆ 8, ಚಿಕ್ಕವಳಿಗೆ 4. ದೊಡ್ಡವಳು ಒಂದು ತಿಂಗಳಿಂದ ಒಂದೇ ಹಟ ಹಿಡಿದಿದ್ದಾಳೆ, ಅಲ್ಲಿನ ಕಪ್ ರೈಡ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂರಬೇಕು ಅಂತ. ದೊಡ್ಡ ಕಪ್ಪಿನಂಥ ಗಾಡಿ, ಒಳಗೆ ಸುತ್ತ ಬೆಂಚು, ನಡುವೆ ಕೈಯಲ್ಲಿ ತಿರುಗಿಸುವ ಚಕ್ರ. ನೋಡಿರುತ್ತೀರಿ.

ನನ್ನ ಚಿಂತೆ ಹೇಳುತ್ತೇನೆ. ನಮ್ಮವರಿಗೆ ತಿರುವಿನ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತರೆ ಸಾಕು, ಹೊಟ್ಟೆ ತೊಳಸುತ್ತದೆ. ನಡುವಿನವನೂ ಅಪ್ಪನ ಹಾಗೇ. ಅತ್ತೆಗೆ 66. ಕಳೆದ ವರ್ಷ ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೆ ಇಡೀ ಕೋಣೆ ತಿರುಗಿದ ಹಾಗೆ ಆಗುತ್ತಿತ್ತು, ಡಾಕ್ಟರಿಗೆ ತೋರಿಸಿದ ಮೇಲೆ ಹೋಯಿತು. ಈಗ ಅವರೂ "ಮಕ್ಕಳ ಆಟ ತಾನೆ, ನಾನೂ ಬರುತ್ತೇನೆ" ಅನ್ನುತ್ತಿದ್ದಾರೆ.

ಎರಡು ವರ್ಷದ ಹಿಂದೆ ಬೇರೆ ಒಂದು ಪಾರ್ಕ್‌ನಲ್ಲಿ ನಡುವಿನವನನ್ನು ಒಂದು ತಿರುಗುವ ರೈಡ್‌ಗೆ ಕೂರಿಸಿದ್ದೆ. ಅರ್ಧ ನಿಮಿಷಕ್ಕೇ ಅಳು ಶುರುವಾಯಿತು, ಆಮೇಲೆ ಕಿರುಚಾಟ. ನಾನು ಕೈ ಬೀಸಿದೆ, ಆಪರೇಟರ್‌ಗೆ ಕಾಣಲಿಲ್ಲ. ಪೂರ್ತಿ ಮುಗಿಯುವವರೆಗೂ ಅವನನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತಿದ್ದೆ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಈ ಸಲ ಹೋಗುವ ಮೊದಲೇ ತಿಳಿದುಕೊಂಡು ಹೋಗೋಣ ಅಂತ ಕೇಳುತ್ತಿದ್ದೇನೆ. ಯಾರು ಕೂರಬಹುದು, ಯಾರು ಬೇಡ, ಹೇಗೆ ತೀರ್ಮಾನ ಮಾಡುತ್ತೀರಿ?

ಸಂಜೆಮಲ್ಲಿಗೆ

ಅಕ್ಕ, ಎಲ್ಲರ ಬಗ್ಗೆಯೂ ಬರೆದಿದ್ದೀರಿ. ನಡುವಿನವನು ಏನಂದ ಅಂತ ಬರೆದಿಲ್ಲ. ಅವನನ್ನು ಕೇಳಿದಿರಾ?

ರೈಡ್ ಪ್ರೇಮಿ

ಮೇಡಂ, ತಿರುಗುವ ರೈಡ್ ಅಂದರೆ ಎಲ್ಲವೂ ಒಂದೇ ಅಲ್ಲ. ಜನ ಎತ್ತರ ನೋಡಿ ಹೆದರುತ್ತಾರೆ, ನೆಲದ ಮೇಲೇ ಇದೆ ಅಂದರೆ ಸುಲಭ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಇದು ತಲೆಕೆಳಗು. ಎತ್ತರದ ಜೈಂಟ್ ವೀಲ್‌ನಲ್ಲಿ ಭಯ ಇರುತ್ತದೆ, ತಲೆ ಸುತ್ತುವುದು ಕಡಿಮೆ. ನೆಲದ ಮೇಲಿನ ಕಪ್‌ನಲ್ಲಿ ಭಯ ಇರುವುದಿಲ್ಲ, ಆದರೆ ಇಳಿದ ಮೇಲೆ ನೆಟ್ಟಗೆ ನಡೆಯಲು ಆಗುವುದಿಲ್ಲ.

ನಾನು ನೋಡುವುದು ಮುಖ್ಯವಾಗಿ ಎರಡು. ಮೊದಲನೆಯದು, ಒಂದರೊಳಗೆ ಒಂದು ಎಷ್ಟು ಸುತ್ತು ಇದೆ? ಮರದ ಕುದುರೆಯ ರೈಡ್‌ನಲ್ಲಿ ಒಂದೇ ಸುತ್ತು, ಅದೂ ದೊಡ್ಡದು, ನಿಧಾನದ್ದು. ಸರಪಳಿಯಲ್ಲಿ ತೂಗುವ ಕುರ್ಚಿಗಳ ರೈಡ್ ಕೂಡ ಹೆಚ್ಚುಕಡಿಮೆ ಹಾಗೇ, ಎತ್ತರ ಸೇರುತ್ತದೆ ಅಷ್ಟೆ. ಕಪ್ ರೈಡ್‌ನಲ್ಲಿ ಕೆಳಗೆ ಒಂದು ದೊಡ್ಡ ತಟ್ಟೆ ತಿರುಗುತ್ತದೆ, ಅದರ ಮೇಲೆ ಚಿಕ್ಕ ತಟ್ಟೆಗಳು ತಿರುಗುತ್ತವೆ, ಅವುಗಳ ಮೇಲೆ ಕಪ್ ತಾನೂ ತಿರುಗುತ್ತದೆ. ಡಿಸ್ನಿಲ್ಯಾಂಡ್‌ನ ಕಪ್ ರೈಡ್ 1955ರಲ್ಲಿ ಪಾರ್ಕ್ ತೆರೆದ ದಿನವೇ ಶುರುವಾಗಿದ್ದು, ಅದರಲ್ಲಿ ಮೂರು ಚಿಕ್ಕ ತಟ್ಟೆ, ಒಂದೊಂದರ ಮೇಲೆ ಆರು ಕಪ್, ಒಟ್ಟು 18. ಬೇರೆ ಕಡೆ ಇರುವ ಎಷ್ಟೋ ಕಪ್ ರೈಡ್‌ಗಳೂ ಇದೇ ಲೆಕ್ಕದಲ್ಲಿ ಓಡುತ್ತವೆ.

ಎರಡನೆಯದು, ಸುತ್ತು ಯಾರ ಕೈಯಲ್ಲಿದೆ? ಕಪ್‌ನಲ್ಲಿ ನಡುವಿನ ಚಕ್ರ ನಿಮ್ಮ ಕೈಯಲ್ಲಿದೆ. ಟಿಲ್ಟ್-ಎ-ವರ್ಲ್‌ನಲ್ಲಿ ಹಾಗಲ್ಲ. ಅದು ಅಮೆರಿಕದ ಹರ್ಬರ್ಟ್ ಸೆಲ್ನರ್ 1926ರಲ್ಲಿ ಮಾಡಿದ ರೈಡ್. ಏಳು ಗಾಡಿ, ಏರಿಳಿತದ ತಟ್ಟೆ, ಗಾಡಿ ಯಾವಾಗ ಯಾವ ಕಡೆ ತಿರುಗುತ್ತದೆ ಅಂತ ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. 1994ರಲ್ಲಿ ಇಬ್ಬರು ಭೌತವಿಜ್ಞಾನಿಗಳು ಇದನ್ನೇ ಲೆಕ್ಕ ಹಾಕಿ, ತಟ್ಟೆ ನಿಮಿಷಕ್ಕೆ ಸುಮಾರು 6.5 ಸುತ್ತು ಹಾಕುವಾಗ ಗಾಡಿ ಮುಂದೆ ಏನು ಮಾಡುತ್ತದೆ ಅಂತ ಹೇಳಲು ಆಗುವುದಿಲ್ಲ ಅಂತ ತೋರಿಸಿದರು. ನನಗೆ ಇಷ್ಟ ಆಗುವುದೇ ಅದು. ಆದರೆ ನಿಮ್ಮ ನಡುವಿನವನಿಗೆ ಅದು ಬೇಡವೇ ಬೇಡ ಅನ್ನುತ್ತೇನೆ.

ಲೆಕ್ಕದ ಮೇಷ್ಟ್ರು

ರೈಡ್ ಪ್ರೇಮಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೈಯನ್ನು ಹೊರಗೆ ತಳ್ಳುವ ಒತ್ತಡ ಬೇರೆ, ತಲೆ ಸುತ್ತುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ತೀರ್ಮಾನ ತಪ್ಪುತ್ತದೆ.

ಕಪ್ಪಿನ ನಡುವಿನಿಂದ ಮುಕ್ಕಾಲು ಮೀಟರ್ ದೂರ ಕೂತಿದ್ದೀರಿ, ಕಪ್ 5 ಸೆಕೆಂಡ್‌ಗೆ ಒಂದು ಸುತ್ತು ಹಾಕುತ್ತಿದೆ ಅಂತ ಇಟ್ಟುಕೊಳ್ಳಿ. ಆ ಸುತ್ತು ಒಂದರಿಂದಲೇ ನಿಮ್ಮನ್ನು ಹೊರಗೆ ತಳ್ಳುವ ಬಲ ನಿಮ್ಮ ತೂಕದ ಎಂಟನೇ ಒಂದು ಭಾಗದಷ್ಟು. ಏನೂ ಅಲ್ಲ. ಈಗ ದೊಡ್ಡವಳು ಚಕ್ರ ಜಗ್ಗಿ ಎರಡೂವರೆ ಸೆಕೆಂಡ್‌ಗೆ ಒಂದು ಸುತ್ತು ಮಾಡಿದಳು. ವೇಗ ಎರಡು ಪಟ್ಟು, ಬಲ ನಾಲ್ಕು ಪಟ್ಟು. ಅಂದರೆ ತೂಕದ ಅರ್ಧದಷ್ಟು. ನಾಲ್ಕು ವರ್ಷದ ಮಗು ಬೆಂಚಿನ ಮೇಲೆ ಜಾರಿ ಪಕ್ಕದವರ ಮೇಲೆ ಬೀಳುವುದಕ್ಕೆ ಅಷ್ಟು ಸಾಕು. "ಸ್ವಲ್ಪ ಜೋರಾಗಿ" ಅಂತ ಮಕ್ಕಳು ಕೇಳುವಾಗ ಈ ನಾಲ್ಕು ಪಟ್ಟಿನ ಲೆಕ್ಕ ನೆನಪಿರಲಿ.

ಗೋಡೆಗೆ ಒರಗಿ ನಿಲ್ಲುವ ದೊಡ್ಡ ಡ್ರಮ್ ರೈಡ್ ಇದೆಯಲ್ಲ, ತಿರುಗುವಾಗ ಕೆಳಗಿನ ನೆಲ ಇಳಿದುಹೋದರೂ ಜನ ಗೋಡೆಗೆ ಅಂಟಿಕೊಂಡಿರುತ್ತಾರೆ, ಅದರದ್ದು ಇನ್ನೊಂದು ಕಥೆ. 1940ರ ದಶಕದ ಕೊನೆಯಲ್ಲಿ ಜರ್ಮನಿಯ ಎಂಜಿನಿಯರ್ ಒಬ್ಬರು ಮಾಡಿದ್ದು. ಎರಡು ಮೀಟರ್ ತ್ರಿಜ್ಯ, ನಿಮಿಷಕ್ಕೆ 30 ಸುತ್ತು ಅಂದರೆ ತೂಕದ ಎರಡು ಪಟ್ಟು ಬಲ ಎದೆಯ ಮೇಲೆ. ಹೃದಯದ ತೊಂದರೆ, ಕುತ್ತಿಗೆ ನೋವು, ಬೆನ್ನು ನೋವು ಇದ್ದವರು ಹತ್ತಿರ ಹೋಗಬಾರದು. ಬಸುರಿಯರಂತೂ ತಿರುಗುವ ಯಾವ ರೈಡ್‌ಗೂ ಬೇಡ.

ಕಿವಿ ವಾರ್ಡ್ ನರ್ಸ್

ನಾನು ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ತಲೆಸುತ್ತಿನ ರೋಗಿಗಳನ್ನು ದಿನಾ ನೋಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕಾರಣ ಗೊತ್ತಾದರೆ ತೀರ್ಮಾನ ಸುಲಭ.

ನಮ್ಮ ಒಳಗಿವಿಯಲ್ಲಿ ಉಂಗುರದಂಥ ಮೂರು ಸಣ್ಣ ಕೊಳವೆಗಳಿವೆ, ಒಳಗೆ ದ್ರವ. ತಲೆ ತಿರುಗಿದಾಗ ಕೊಳವೆ ತಿರುಗುತ್ತದೆ, ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸವೇ "ತಿರುಗುತ್ತಿದ್ದೇನೆ" ಅನ್ನುವ ಸುದ್ದಿ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಅರ್ಧ ನಿಮಿಷದೊಳಗೆ ದ್ರವವೂ ಕೊಳವೆಯ ಜೊತೆಗೇ ತಿರುಗತೊಡಗುತ್ತದೆ, ಕಿವಿ ಸುಮ್ಮನಾಗುತ್ತದೆ. ರೈಡ್ ನಿಂತಾಗ ಕೊಳವೆ ನಿಲ್ಲುತ್ತದೆ, ದ್ರವ ನಿಲ್ಲುವುದಿಲ್ಲ. ಆಗ ಮಿದುಳಿಗೆ ಉಲ್ಟಾ ದಿಕ್ಕಿಗೆ ತಿರುಗುತ್ತಿರುವ ಹಾಗೆ ಸುದ್ದಿ ಹೋಗುತ್ತದೆ. ಕಣ್ಣು ನಿಂತ ನೆಲ ನೋಡುತ್ತಿದೆ, ಕಿವಿ ತಿರುಗುತ್ತಿದ್ದೇನೆ ಅನ್ನುತ್ತಿದೆ. ಈ ಜಗಳಕ್ಕೇ ಹೊಟ್ಟೆ ತೊಳಸುವುದು.

ವಯಸ್ಸಿನ ವಿಷಯ. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಈ ತೊಂದರೆ ತೀರಾ ಅಪರೂಪ. ಆಮೇಲೆ ನಿಧಾನವಾಗಿ ಶುರುವಾಗಿ, ಆರೇಳರಿಂದ ಹನ್ನೆರಡರ ನಡುವೆ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ನಿಮ್ಮ ನಡುವಿನವನು ಸರಿಯಾಗಿ ಆ ವಯಸ್ಸಿನಲ್ಲಿದ್ದಾನೆ. ಅಪ್ಪನಿಗೂ ಇದೆ ಅಂದರೆ, ಇದು ಮನೆತನದಲ್ಲಿ ಬರುವಂಥದ್ದೂ ಹೌದು. ಅವನು ಹಟ ಮಾಡುತ್ತಿಲ್ಲ, ಅವನ ಕಿವಿ ಹಾಗಿದೆ. ಮೈಗ್ರೇನ್ ಇರುವವರಿಗೂ ಜಾಸ್ತಿ. ಚಿಕ್ಕಂದಿನಲ್ಲಿ ಏನೂ ಆಗದಿದ್ದ ದೊಡ್ಡವರಿಗೆ ನಲವತ್ತರ ಮೇಲೆ ಇದ್ದಕ್ಕಿದ್ದಂತೆ ತಡೆಯದೆ ಇರುವುದನ್ನೂ ನೋಡಿದ್ದೇನೆ.

ನಿಮ್ಮ ಅತ್ತೆಯವರ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಮಗ್ಗಲು ಬದಲಿಸಿದಾಗ ಕೋಣೆ ತಿರುಗುವುದು ಸಾಮಾನ್ಯವಾಗಿ ಒಳಗಿವಿಯ ಸಣ್ಣ ಹರಳುಗಳು ಇರಬೇಕಾದ ಜಾಗದಿಂದ ಜಾರಿ ಕೊಳವೆಯೊಳಗೆ ಸೇರಿದಾಗ. ಸರಿಯಾದ ಮೇಲೂ ಮತ್ತೆ ಬರಬಹುದಾದ ತೊಂದರೆ ಅದು. ಅವರನ್ನು ನೋಡಿದ ಡಾಕ್ಟರನ್ನೇ ಒಮ್ಮೆ ಕೇಳಿ. ಕೇಳಲು ಆಗದಿದ್ದರೆ ಕಪ್‌ಗೆ ಬೇಡ. ಮರದ ಕುದುರೆ ರೈಡ್‌ನಲ್ಲಿ ಕುದುರೆ ಬಿಟ್ಟು ಅಲ್ಲಾಡದ ಬೆಂಚಿನ ಮೇಲೆ ಚಿಕ್ಕವಳ ಜೊತೆ ಕೂರಲಿ ಅಂದರೆ, ಅದಕ್ಕೂ ಡಾಕ್ಟರ್ ಹೂಂ ಅನ್ನಲಿ.

ಧೈರ್ಯವೇ ಮದ್ದು

ಇಷ್ಟೆಲ್ಲ ಯೋಚನೆ ಮಾಡಿದರೆ ಮಕ್ಕಳು ಮನೆಯಲ್ಲೇ ಕೂರಬೇಕಾಗುತ್ತದೆ. ನಮ್ಮ ಕಾಲದಲ್ಲಿ ಕೈ ಹಿಡಿದುಕೊಂಡು ಗಿರಗಿರ ತಿರುಗಿ ಬಿದ್ದು ಎದ್ದೇ ಬೆಳೆದದ್ದು. ಒಂದು ಸಲ ಹೆದರಿದ ಅಂತ ಬಿಟ್ಟುಬಿಟ್ಟರೆ ಹೆದರಿಕೆ ಗಟ್ಟಿಯಾಗುತ್ತದೆ. ಕೂರಿಸಿ, ಪಕ್ಕದಲ್ಲಿ ನೀವಿರಿ, ಸರಿಹೋಗುತ್ತಾನೆ. ನನ್ನ ಮಗನಿಗೂ ಹಾಗೇ ಮಾಡಿದ್ದು.

ಸಂಜೆಮಲ್ಲಿಗೆ

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ನಾನು ಒಪ್ಪುವುದಿಲ್ಲ. ಕೈ ಹಿಡಿದು ತಿರುಗುವ ಆಟದಲ್ಲಿ ಸಾಕು ಅನ್ನಿಸಿದ ಕೂಡಲೇ ಕೈ ಬಿಡಬಹುದಿತ್ತು. ರೈಡ್‌ನಲ್ಲಿ ಬಿಡಲು ಆಗುವುದಿಲ್ಲ. ದೊಡ್ಡ ವ್ಯತ್ಯಾಸ ಅದೇ.

ನನ್ನನ್ನು ಒಂಬತ್ತನೇ ವಯಸ್ಸಿನಲ್ಲಿ ಹೀಗೇ ಬಲವಂತವಾಗಿ ಕೂರಿಸಿದ್ದರು, ಪ್ರೀತಿಯಿಂದಲೇ. ಇಳಿದು ವಾಂತಿ ಮಾಡಿಕೊಂಡೆ. ಅದೇನೂ ದೊಡ್ಡದಲ್ಲ. ಆದರೆ ಮುಂದೆ ಎಷ್ಟೋ ವರ್ಷ ಪಾರ್ಕ್ ಅಂದರೆ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ತಿರುಗುವುದಕ್ಕೆ ಹೆದರಿಕೆ ಇರಲಿಲ್ಲ. ಬೇಡ ಅಂದರೂ ಕೂರಿಸುತ್ತಾರಲ್ಲ ಅನ್ನುವುದೇ ಹೆದರಿಕೆ.

ಧೈರ್ಯವೇ ಮದ್ದು

ಕೈ ಬಿಡುವ ಮಾತು ಸರಿ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ನನ್ನ ಮಗ ಹೆದರಿದ್ದು ಎತ್ತರಕ್ಕೆ, ಅವನಿಗೆ ತಲೆ ಸುತ್ತುವ ತೊಂದರೆ ಇರಲಿಲ್ಲ. ಎರಡೂ ಬೇರೆ ಬೇರೆ ಅಂತ ಸಿಸ್ಟರ್ ಬರೆದದ್ದನ್ನು ಓದಿದ ಮೇಲೆ ಗೊತ್ತಾಯಿತು.

ಮೂವರ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆಮಲ್ಲಿಗೆ ಅವರೇ, ನಿಮ್ಮ ಪ್ರಶ್ನೆ ಓದಿ ರಾತ್ರಿ ಮಲಗುವಾಗ ಅವನನ್ನು ಕೇಳಿದೆ. ನಿಜ ಹೇಳಬೇಕೆಂದರೆ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅವನು ಹೇಳಿದ್ದು ಹೀಗೆ: "ತಿರುಗಿದ್ದಕ್ಕಲ್ಲ ಅಮ್ಮ. ನಿಲ್ಲಿಸು ಅಂದೆ, ನೀನೂ ನಿಲ್ಲಿಸು ಅಂದೆ, ಆದರೂ ನಿಲ್ಲಲಿಲ್ಲ."

ಹಾಗಾದರೆ ಕೇಳುತ್ತೇನೆ. ಕಪ್ ರೈಡ್‌ನಲ್ಲಿ ನಿಲ್ಲಿಸು ಅಂದರೆ ನಿಲ್ಲುತ್ತದಾ?

ಲಿವರ್ ಹಿಡಿದವನು

ಅಮ್ಮ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಒಂದು ಪಾರ್ಕ್‌ನಲ್ಲಿ ಆರು ವರ್ಷ ಕಪ್ ರೈಡ್ ಮತ್ತು ಇನ್ನೆರಡು ತಿರುಗುವ ರೈಡ್ ನಡೆಸಿದ್ದೇನೆ. ನಿಮ್ಮ ಮಗನ ಮಾತು ಓದಿ ಮನಸ್ಸಿಗೆ ತಟ್ಟಿತು, ಯಾಕೆಂದರೆ ಆ ಕಡೆ ನಿಂತವನು ನಾನು.

ಆಪರೇಟರ್ ನಿಲ್ಲಿಸಬಹುದು. ಬಟನ್ ಇರುತ್ತದೆ. ಆದರೆ ಒತ್ತಿದ ಕೂಡಲೇ ನಿಲ್ಲುವುದಿಲ್ಲ, ಅಷ್ಟು ಭಾರದ ತಟ್ಟೆ ನಿಧಾನ ಆಗಿ ನಿಲ್ಲಲು ಸಮಯ ಬೇಕು. ಅದಕ್ಕಿಂತ ಮುಖ್ಯ, ನಮಗೆ ಗೊತ್ತಾಗಬೇಕು. ಅಲ್ಲಿ ಎಲ್ಲರೂ ಕಿರುಚುತ್ತಿರುತ್ತಾರೆ, ಎಲ್ಲರೂ ಕೈ ಬೀಸುತ್ತಿರುತ್ತಾರೆ. ಖುಷಿಗೆ ಬೀಸುವ ಕೈ ಯಾವುದು, ಸಂಕಟಕ್ಕೆ ಬೀಸುವ ಕೈ ಯಾವುದು ಅಂತ ತಿರುಗುವ ಕಪ್ ನೋಡಿ ಹೇಳುವುದು ಕಷ್ಟ. ಹಾಗಾಗಿ ಹತ್ತುವಾಗಲೇ ಆಪರೇಟರ್‌ಗೆ ಹೇಳಿ: "ನಮ್ಮ ಮಗು ಸ್ವಲ್ಪ ಹೆದರುತ್ತದೆ, ನಿಲ್ಲಿಸಬೇಕು ಅನ್ನಿಸಿದರೆ ನಿಮಗೆ ಹೇಗೆ ತಿಳಿಸಲಿ?" ಅವರು ಹೇಳುತ್ತಾರೆ. ಹಾಗೆ ಕೇಳಿದ ಕಪ್ಪಿನ ಮೇಲೆ ನನ್ನ ಒಂದು ಕಣ್ಣು ಯಾವಾಗಲೂ ಇರುತ್ತಿತ್ತು. ಬೇಜಾರಂತೂ ಒಂದು ಸಲವೂ ಆಗಿಲ್ಲ. ಕೇಳುವವರು ತೀರಾ ಕಡಿಮೆ ಅನ್ನುವುದೇ ನನ್ನ ಬೇಸರ.

ಇನ್ನು ಕಪ್ಪಿನ ಒಳಗಿನ ವಿಷಯ. ನಡುವಿನ ಚಕ್ರ ಕೆಳಗಿನ ಚಿಕ್ಕ ತಟ್ಟೆಗೆ ಸೇರಿಕೊಂಡಿರುತ್ತದೆ, ಅದನ್ನು ಹಿಡಿದು ಎಳೆದರೆ ಕಪ್ ತಿರುಗುತ್ತದೆ. ಯಾರೂ ಮುಟ್ಟದಿದ್ದರೆ ಕಪ್ ತಾನಾಗಿ ಸ್ವಲ್ಪ ತಿರುಗಬಹುದು, ಜೋರಾಗಿ ತಿರುಗುವುದಿಲ್ಲ. ಬಿಗಿಯಾಗಿ ಹಿಡಿದುಕೊಂಡರೆ ಅದೂ ಕಡಿಮೆ ಆಗುತ್ತದೆ. ಕೆಳಗಿನ ಎರಡು ತಟ್ಟೆಯ ಸುತ್ತು ಮಾತ್ರ ಉಳಿಯುತ್ತದೆ. ಮುಖ್ಯವಾದದ್ದು ಇದೇ. ಒಂದೇ ರೈಡ್, ಒಂದೇ ಹೊತ್ತು, ಆದರೆ ಚಕ್ರ ಹಿಡಿದವರನ್ನು ನೋಡಿಕೊಂಡು ಆರು ಕಪ್‌ನಲ್ಲಿ ಆರು ಬೇರೆ ಬೇರೆ ರೈಡ್. ನಿಮ್ಮ ಮನೆಯವರು ಎರಡು ಕಪ್ ಮಾಡಿಕೊಳ್ಳಿ. ದೊಡ್ಡವಳ ಕಪ್ ಜೋರಿನದ್ದು, ಮಗನ ಕಪ್ ನಿಧಾನದ್ದು. ಮಗನ ಕಪ್‌ನಲ್ಲಿ ಚಕ್ರ ಅವನ ಕೈಯಲ್ಲೇ ಇರಲಿ. ಬೇರೆ ಯಾರೂ ಮುಟ್ಟುವ ಹಾಗಿಲ್ಲ ಅಂತ ಮೊದಲೇ ಮಾತಾಗಲಿ.

ಕ್ಯೂಗೆ ಸೇರುವ ಮೊದಲು ಬೇಲಿಯ ಹೊರಗೆ ನಿಂತು ಒಂದು ಪೂರ್ತಿ ಆಟ ನೋಡಿ. ಶುರುವಿನ ಅರ್ಧ ನಿಮಿಷ ನೋಡಿ ಹೋಗಬೇಡಿ, ಕೆಲವು ರೈಡ್ ಅರ್ಧಕ್ಕೆ ಬಂದ ಮೇಲೆ ಹಿಂದಕ್ಕೆ ತಿರುಗತೊಡಗುತ್ತವೆ. ಮೊಬೈಲ್‌ನಲ್ಲಿ ಸಮಯ ನೋಡಿಕೊಳ್ಳಿ, ಒಂದೂವರೆ ನಿಮಿಷ ಅಂತಾದರೆ ಮಗುವಿಗೆ ಆ ಲೆಕ್ಕ ಹೇಳಿ. ಎಷ್ಟು ಹೊತ್ತು ಅಂತ ಗೊತ್ತಿದ್ದರೆ ತಡೆದುಕೊಳ್ಳುವುದು ಸುಲಭ. ಆಮೇಲೆ ಇಳಿದು ಬರುವವರ ಮುಖ ನೋಡಿ. ಹೇಗೆ ಓಡುತ್ತಿದೆ ಅಂತ ಆ ಮುಖಗಳೇ ಹೇಳುತ್ತವೆ.

ಇನ್ನೂ ಒಂದು. ಗೇಟಿನವರೆಗೆ ಬಂದು ಬೇಡ ಅಂತ ವಾಪಸ್ ಹೋಗಬಹುದು. ಎಷ್ಟೋ ಅಪ್ಪ ಅಮ್ಮ, ಇಷ್ಟು ಹೊತ್ತು ಕ್ಯೂ ನಿಂತಿದ್ದೇವೆ ಅಂತ ಅಳುವ ಮಗುವನ್ನು ಎತ್ತಿ ಒಳಗೆ ಕೂರಿಸುವುದನ್ನು ನೋಡಿದ್ದೇನೆ. ನಾನು ಎಷ್ಟೋ ಸಲ "ಬೇಡ ಸರ್, ಆಮೇಲೆ ಬನ್ನಿ" ಅಂದಿದ್ದೇನೆ. ಹತ್ತಿ ಕೂತು ಬಾಗಿಲು ಹಾಕಿದ ಮೇಲೂ, ರೈಡ್ ಶುರುವಾಗುವ ಮೊದಲಾದರೆ ಇಳಿಸುತ್ತಾರೆ.

ರೈಡ್ ಪ್ರೇಮಿ

ಅಣ್ಣ ಎರಡು ಕಪ್ ಅಂದಾಗ ನೆನಪಾಯಿತು. ಅಮೆರಿಕದಲ್ಲಿ ಡಿಸ್ನಿಯವರದ್ದೇ ಆದ ಎಪ್‌ಕಾಟ್ ಪಾರ್ಕ್‌ನಲ್ಲಿ 2003ರಲ್ಲಿ ತೆರೆದ ಮಿಷನ್ ಸ್ಪೇಸ್ ಅನ್ನುವ ರೈಡ್ ಇದೆ. ದೊಡ್ಡ ತೋಳುಗಳ ತುದಿಯಲ್ಲಿ ಜನರನ್ನು ಕೂರಿಸಿ ತಿರುಗಿಸಿ ರಾಕೆಟ್‌ನಲ್ಲಿ ಹೋದ ಅನುಭವ ಕೊಡುತ್ತದೆ. 2006ರಲ್ಲಿ ಅದನ್ನು ಎರಡು ಭಾಗ ಮಾಡಿದರು, ಕಿತ್ತಳೆ ಬಣ್ಣದ್ದು ತಿರುಗುವವರಿಗೆ, ಹಸಿರು ತಿರುಗುವುದು ಬೇಡ ಅನ್ನುವವರಿಗೆ. ಅಷ್ಟು ದೊಡ್ಡ ಪಾರ್ಕ್‌ನವರೇ ಹಾಗೆ ಮಾಡಿದ್ದಾರೆ ಅಂದಮೇಲೆ ಒಂದು ಮನೆಯವರು ಬೇರೆ ಬೇರೆ ಕೂರುವುದರಲ್ಲಿ ಏನೂ ತಪ್ಪಿಲ್ಲ, ಅಲ್ವಾ?

ಬೆಳದಿಂಗಳು

ನನ್ನದು ಸ್ವಲ್ಪ ಬೇರೆ ಅನುಭವ, ಯಾರಿಗಾದರೂ ಬೇಕಾಗಬಹುದು. ನನ್ನ ಮಗನಿಗೆ 10, ಆಟಿಸಂ ಇದೆ. ಅವನಿಗೆ ತಿರುಗುವುದು ಅಂದರೆ ಪ್ರಾಣ. ಮನೆಯಲ್ಲಿ ತಿರುಗುವ ಕುರ್ಚಿಯಲ್ಲಿ ಎಷ್ಟು ಹೊತ್ತು ಬೇಕಾದರೂ ತಿರುಗುತ್ತಾನೆ, ತಲೆ ಸುತ್ತಿದ ಹಾಗೆ ಕಾಣುವುದೇ ಇಲ್ಲ. ಹಾಗಾಗಿ ರೈಡ್ ಸುಲಭ ಅಂದುಕೊಂಡು ಕರೆದುಕೊಂಡು ಹೋದೆ. ತಿರುಗಿದ್ದರಿಂದ ಏನೂ ಆಗಲಿಲ್ಲ. ಕಷ್ಟ ಆಗಿದ್ದು ಕ್ಯೂ, ಜೋರು ಹಾಡು, ಮಿನುಗುವ ಲೈಟು, ಆಮೇಲೆ ಇದ್ದಕ್ಕಿದ್ದಂತೆ "ಮುಗಿಯಿತು, ಇಳಿಯಿರಿ". ಇಳಿಯುವುದಕ್ಕೇ ಅವನು ಒಪ್ಪಲಿಲ್ಲ.

ಈಗ ಕಿವಿಗೆ ಶಬ್ದ ತಡೆಯುವ ಹೆಡ್‌ಫೋನ್ ಹಾಕುತ್ತೇವೆ. ಬೇಲಿಯ ಹೊರಗೆ ನಿಂತು ಮೂರು ಆಟ ನೋಡುತ್ತೇವೆ, ಹೇಗೆ ಶುರು, ಹೇಗೆ ಮುಗಿಯುತ್ತದೆ ಅಂತ ಅವನಿಗೆ ಗೊತ್ತಾಗಬೇಕು. ಕೊನೆಯಲ್ಲಿ ನಾನು ಹತ್ತರಿಂದ ಹಿಂದಕ್ಕೆ ಎಣಿಸುತ್ತೇನೆ. ತಲೆ ಸುತ್ತಿದ್ದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ಮುಖ ಬಿಳಿಚಿತಾ, ಬೆವರಿತಾ, ಮಾತು ನಿಂತಿತಾ ಅಂತ ನಾನೇ ನೋಡುತ್ತಿರುತ್ತೇನೆ. ಎರಡು ಸಲ ಆದ ಮೇಲೆ ಅವನು ಇನ್ನೂ ಬೇಕು ಅಂದರೂ ಒಂದು ಬಿಡುವು ಕೊಡುತ್ತೇನೆ.

ಕಿವಿ ವಾರ್ಡ್ ನರ್ಸ್

ಬೆಳದಿಂಗಳು ಅವರೇ, ನೀವು ಹೇಳಿದ ಲಕ್ಷಣಗಳು ಎಲ್ಲ ಮಕ್ಕಳಿಗೂ ಸರಿ. ವಾಂತಿ ಬರುವುದು ಕೊನೆಗೆ. ಅದಕ್ಕೆ ಮೊದಲೇ ಆಕಳಿಕೆ, ಬಿಳಿಚುವುದು, ತಣ್ಣನೆ ಬೆವರು, ಬಾಯಲ್ಲಿ ನೀರು ಜಾಸ್ತಿ ಬರುವುದು, ಸುಮ್ನೆ ಆಗಿಬಿಡುವುದು ಇವೆಲ್ಲ ಕಾಣಿಸುತ್ತವೆ. ಒಂದು ರೈಡ್ ಇಳಿದಾಗ ಇವು ಕಂಡರೆ ಮುಂದಿನದ್ದಕ್ಕೆ ಹೋಗಬೇಡಿ. ಹಿಂದಿನದ್ದು ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಹತ್ತುವುದೇ ದಿನ ಹಾಳಾಗಲು ಕಾರಣ.

ಮೂವರ ಅಮ್ಮ

ಸಿಸ್ಟರ್, ಮಾತ್ರೆ ಕೊಟ್ಟು ಕೂರಿಸಬಹುದಾ? ಮತ್ತೆ ರೈಡ್‌ನಲ್ಲಿ ಕಣ್ಣು ಮುಚ್ಚಿಕೊಳ್ಳುವುದು ಒಳ್ಳೆಯದಾ?

ಕಿವಿ ವಾರ್ಡ್ ನರ್ಸ್

ಪ್ರಯಾಣದ ವಾಂತಿಗೆ ಕೊಡುವ ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್ ಥರದ ಮಾತ್ರೆಗಳು ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತವೆ, ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಮುಂಚೆ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನ ಇಲ್ಲ. ಜೊತೆಗೆ ನಿದ್ದೆ ಬರಿಸುತ್ತವೆ. ಗಾಡಿ ಓಡಿಸುವವರು ತೆಗೆದುಕೊಳ್ಳಬಾರದು. ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಎರಡು ನಿಮಿಷದ ಆಟಕ್ಕೆ ಮಗುವನ್ನು ಅರ್ಧ ದಿನ ತೂಕಡಿಸುವ ಹಾಗೆ ಮಾಡುವುದು ಬೇಡ.

ಕಣ್ಣಿನ ವಿಷಯಕ್ಕೆ ಬಂದರೆ, ಕೆಲವರಿಗೆ ಮುಚ್ಚಿದರೆ ಹಗುರ, ಕೆಲವರಿಗೆ ಹೆಚ್ಚು ಕಷ್ಟ. ಹೊರಗೆ ಓಡುವ ದೃಶ್ಯ ನೋಡಬಾರದು ಅನ್ನುವುದು ಎಲ್ಲರಿಗೂ ಸರಿ. ಕಪ್ಪಿನ ಒಳಗೆ ನಿಮ್ಮ ಜೊತೆಗೇ ತಿರುಗುವ ಒಂದು ವಸ್ತು ನೋಡಿ, ಚಕ್ರ ಇರಲಿ, ಎದುರು ಕೂತವರ ಮುಖ ಇರಲಿ. ತಲೆ ನೆಟ್ಟಗೆ ಇರಲಿ, ಬೆನ್ನು ಒರಗಿರಲಿ. ತಿರುಗುವಾಗ ತಲೆ ಬಗ್ಗಿಸುವುದು, ಪಕ್ಕಕ್ಕೆ ವಾಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಕೊಳವೆ ತಿರುಗುತ್ತಿರುವಾಗ ಬೇರೆ ಕೊಳವೆಗಳೂ ಸೇರಿಕೊಂಡು, ಉರುಳಿ ಬಿದ್ದ ಹಾಗೆ ಅನ್ನಿಸುತ್ತದೆ. ಚಪ್ಪಲಿ ಬಿತ್ತು, ಮೊಬೈಲ್ ಬಿತ್ತು ಅಂತ ಬಗ್ಗಬೇಡಿ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ತುಂಬಿಯೂ ಬೇಡ. ನೆಗಡಿ, ಕಿವಿ ನೋವು ಇದ್ದ ದಿನ ತಿರುಗುವ ರೈಡ್ ಬಿಟ್ಟುಬಿಡಿ.

ಲಿವರ್ ಹಿಡಿದವನು

ಕೂರುವ ಜಾಗದ ಬಗ್ಗೆ ಹೇಳುವುದು ಮರೆತಿದ್ದೆ. ಉದ್ದ ಸೀಟಿನ ರೈಡ್‌ನಲ್ಲಿ, ಇಡೀ ಸೀಟು ಒಂದು ಕಡೆಗೆ ತಳ್ಳುತ್ತದಲ್ಲ ಅಂಥದ್ದರಲ್ಲಿ, ದೊಡ್ಡವರು ಹೊರಗಿನ ಬದಿಗೆ, ಮಕ್ಕಳು ಒಳಗಿನ ಬದಿಗೆ. ಉಲ್ಟಾ ಕೂತರೆ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ. ಇದನ್ನು ಬೋರ್ಡಿನಲ್ಲಿ ಬರೆದಿದ್ದರೂ ಜನ ಓದುವುದಿಲ್ಲ. ಮತ್ತೆ ಹಳಿಯ ಮೇಲೆ ಓಡುತ್ತಾ ತಾವೂ ತಿರುಗುವ ರೋಲರ್ ಕೋಸ್ಟರ್ ಗಾಡಿಗಳಲ್ಲಿ ಭಾರವೆಲ್ಲ ಒಂದೇ ಕಡೆ ಆದರೆ ಗಾಡಿ ಜಾಸ್ತಿ ತಿರುಗುತ್ತದೆ. ಕಡಿಮೆ ಬೇಕಿದ್ದರೆ ಭಾರ ಎರಡೂ ಕಡೆ ಸಮವಾಗಲಿ.

ಎತ್ತರ ಅಳೆಯುವ ಕೋಲಿನ ಹತ್ತಿರ ಮಗು ತುದಿಗಾಲಲ್ಲಿ ನಿಲ್ಲದಿರಲಿ. ಆ ಗೆರೆ ಬೆಲ್ಟಿಗೂ ಕಂಬಿಗೂ ಮಗುವಿನ ಮೈ ಸರಿಯಾಗಿ ಹೊಂದಲಿ ಅಂತ ಇಟ್ಟಿರುವುದು.

ಬ್ಯಾಗ್ ಹಿಡಿಯುವ ಅಪ್ಪ

ನಿಮ್ಮ ಮನೆಯವರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ ಮೇಡಂ. ನಾನೂ ಅವರ ಹಾಗೇ. ಮೊದಮೊದಲು ಮಕ್ಕಳ ಮುಂದೆ ಆಗುವುದಿಲ್ಲ ಅನ್ನಲು ನಾಚಿಕೆ ಪಟ್ಟು ಕೂತೆ, ಆಮೇಲೆ ಎರಡು ಗಂಟೆ ನೆರಳಲ್ಲಿ ಮಲಗಬೇಕಾಯಿತು, ಮಕ್ಕಳ ದಿನವೂ ಹಾಳಾಯಿತು. ಈಗ ನೇರವಾಗಿ ಹೇಳುತ್ತೇನೆ, ಅಪ್ಪನಿಗೆ ಇದು ಆಗುವುದಿಲ್ಲ, ಅಪ್ಪ ಇಲ್ಲಿ ನಿಂತು ನೋಡುತ್ತಾರೆ ಅಂತ. ನಾನು ಹಾಗೆ ಹೇಳತೊಡಗಿದ ಮೇಲೆ ನನ್ನ ಮಗಳೂ ತನಗೆ ಬೇಡವಾದದ್ದಕ್ಕೆ ಬೇಡ ಅನ್ನಲು ಕಲಿತಳು. ಸುತ್ತು ಬಂದಾಗಲೆಲ್ಲ ನಾನು ಒಂದೇ ಜಾಗದಲ್ಲಿ ಇರುತ್ತೇನೆ. ಅವಳು ನನ್ನನ್ನೇ ಹುಡುಕುತ್ತಾಳೆ.

ಮೂವರ ಅಮ್ಮ

ಹೋಗಿ ಬಂದೆವು. ಎಲ್ಲರೂ ಇಷ್ಟು ಸಮಯ ಕೊಟ್ಟಿದ್ದೀರಿ, ಏನಾಯಿತು ಅಂತ ಹೇಳದೆ ಇರಲು ಆಗುವುದಿಲ್ಲ.

ಅತ್ತೆಯವರ ಡಾಕ್ಟರಿಗೆ ಫೋನ್ ಮಾಡಿದೆ, ತಿರುಗುವುದು ಯಾವುದೂ ಬೇಡ ಅಂದರು. ಅತ್ತೆಗೆ ಮೊದಲು ಬೇಸರ ಆಯಿತು, ಆಮೇಲೆ ನಮ್ಮವರ ಜೊತೆ ಬೇಲಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ನಾವು ಎರಡು ಆಟ ಪೂರ್ತಿ ನೋಡಿದೆವು. ನಡುವಿನವನು ಸಮಯ ಎಣಿಸಿದ, 90 ಸೆಕೆಂಡ್. ಗೇಟಿನ ಹತ್ತಿರ ಆಪರೇಟರ್ ಹುಡುಗಿಯನ್ನು ಅವನೇ ಕೇಳಿದ, ನಿಲ್ಲಿಸಬೇಕಾದರೆ ಏನು ಮಾಡಲಿ ಅಂತ. ಅವಳು ಎರಡೂ ತೋಳು ಎದೆಯ ಮುಂದೆ ಅಡ್ಡ ಹಿಡಿದು ತೋರಿಸಿದಳು. ಅವನೂ ಹಾಗೇ ಹಿಡಿದು ತೋರಿಸಿದ. ಅಷ್ಟರಲ್ಲೇ ಅವನ ಮುಖ ಸಡಿಲವಾಗಿತ್ತು.

ನಾನು, ಅವನು, ಚಿಕ್ಕವಳು ಒಂದು ಕಪ್. ಚಕ್ರ ಅವನದ್ದು. ಮೊದಲು ಬಿಗಿಯಾಗಿ ಹಿಡಿದುಕೊಂಡೇ ಇದ್ದ. ಅರ್ಧ ಆದಮೇಲೆ ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ತಿರುಗಿಸಿದ. ಚಿಕ್ಕವಳು "ಜೋರು, ಜೋರು" ಅಂದಳು, ಅವನು ಇಲ್ಲ ಅಂದ, ನಾನೂ ಸುಮ್ಮನಿದ್ದೆ. ಇಳಿದ ಮೇಲೆ ಅವನಿಗೆ ಏನೂ ಆಗಲಿಲ್ಲ.

ಆದದ್ದು ದೊಡ್ಡವಳಿಗೆ. ಅವಳು ಅಲ್ಲೇ ಸಿಕ್ಕ ಇಬ್ಬರು ಹುಡುಗಿಯರ ಜೊತೆ ಬೇರೆ ಕಪ್ ಹತ್ತಿ, ಚಕ್ರ ಜಗ್ಗಿ ಜಗ್ಗಿ, ನಡುವೆ ಮೊಬೈಲ್ ತೆಗೆದು ತಲೆ ಬಗ್ಗಿಸಿ ವಿಡಿಯೋ ಮಾಡಿದಳಂತೆ. ಇಳಿದು ನಾಲ್ಕು ಹೆಜ್ಜೆಗೆ ಕೂತುಬಿಟ್ಟಳು. ನಾನು ಅವಳ ಬಗ್ಗೆ ಚಿಂತೆಯೇ ಮಾಡಿರಲಿಲ್ಲ. ವಾಂತಿ ಆಗಲಿಲ್ಲ, ಆದರೆ ಸಂಜೆವರೆಗೂ ತಲೆ ಭಾರ ಅನ್ನುತ್ತಿದ್ದಳು. ಸಿಸ್ಟರ್, ಇದಕ್ಕೆ ಏನಾದರೂ ಮಾಡಬೇಕಾ?

ಕಿವಿ ವಾರ್ಡ್ ನರ್ಸ್

ಕೆಲವು ಗಂಟೆ ತಲೆ ಭಾರ ಇರುವುದು ಸಾಮಾನ್ಯ. ತಣ್ಣಗಿನ ಜಾಗದಲ್ಲಿ ಒರಗಿಸಿ, ದೂರದ ಒಂದು ನಿಂತ ವಸ್ತು ನೋಡಲು ಹೇಳಿ, ನೀರು ಗುಟುಕು ಗುಟುಕಾಗಿ ಕೊಡಿ. ಮೊಬೈಲ್ ನೋಡುವುದು ಇವತ್ತು ಬೇಡ. ನಾಳೆಗೂ ಹೋಗದಿದ್ದರೆ, ಅಥವಾ ಜೋರು ತಲೆನೋವು, ಕಿವಿ ಕೇಳಿಸದೆ ಇರುವುದು, ಎರಡೆರಡು ಕಾಣುವುದು, ನಡೆಯುವಾಗ ಒಂದು ಕಡೆಗೆ ವಾಲುವುದು ಇದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ತಿಂಗಳ ಮುಟ್ಟಿನ ಹೊತ್ತಿನಲ್ಲಿ ಕೆಲವು ಹುಡುಗಿಯರಿಗೆ ಇದು ಜಾಸ್ತಿ ಇರುತ್ತದೆ, ಅದನ್ನೂ ಗಮನದಲ್ಲಿಡಿ.

ಮೂವರ ಅಮ್ಮ

ಬೆಳಗ್ಗೆ ಎದ್ದಾಗ ಪೂರ್ತಿ ಸರಿಯಾಗಿದ್ದಾಳೆ ಸಿಸ್ಟರ್. ತಿಂಡಿ ತಿನ್ನುವಾಗ ತಮ್ಮನ ಹತ್ತಿರ ಕೇಳುತ್ತಿದ್ದಳು, ಮುಂದಿನ ಸಲ ನಿನ್ನ ಕಪ್‌ನಲ್ಲಿ ನಾನೂ ಕೂರಲಾ ಅಂತ. ಚಕ್ರ ಮುಟ್ಟಬಾರದು, ಒಪ್ಪಿಗೆನಾ ಅಂದ. ಒಪ್ಪಿದಳು.